ಪೀಳಿಗೆಗೊಂದು ಹೆಸರು: ಅದರ ಅರ್ಥವೇನು, ಪ್ರಯೋಜನವೇನು?

ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳ ವೃದ್ಧರನ್ನು 'ನಿಮಗೆ ಎಷ್ಟು ವಯಸ್ಸು?' ಎಂದು ಕೇಳಿದರೆ ಅವರು ಅಂಕಿಯಲ್ಲಿ ಉತ್ತರ ಹೇಳುತ್ತಿದ್ದುದು ಅಪರೂಪ. 'ಪ್ಲೇಗು ಬಂದು ಊರು ಬಿಟ್ಟ ವರ್ಷ ನಾನು ತೊಟ್ಟಿಲಲ್ಲಿದ್ದೆನಂತೆ' ಎಂದೋ, 'ಧಾತು-ಈಶ್ವರದ ಬರ ಕಳೆದ ಮೇಲೆ ನಮ್ಮ ತಂದೆ ಹುಟ್ಟಿದ್ದು' ಎಂದೋ ಹೇಳುವುದು ಅವರ ವಾಡಿಕೆಯಾಗಿತ್ತು. ಧಾತು ಸಂವತ್ಸರವೆಂದರೆ 1876-77. ಅದರ ಹಿಂದೆಯೇ ಬಂದುದು ಈಶ್ವರ ಸಂವತ್ಸರ. ಆ ಎರಡು ವರ್ಷಗಳ ಕ್ಷಾಮ ಎಷ್ಟು ಭೀಕರವಾಗಿತ್ತೆಂಬುದನ್ನು ಜನಗಣತಿಯ ಅಂಕಿಗಳೇ ಸಾರುತ್ತವೆ. 1871 ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881 ರಲ್ಲಿ 42 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಪ್ಲೇಗು ಬೆಂಗಳೂರನ್ನು ಹೊಕ್ಕುದು 1898 ರಲ್ಲಿ. ಹೀಗೆ ಹಳ್ಳಿಯ ಮುದುಕನೊಬ್ಬ ತನ್ನ ಹುಟ್ಟಿಗೆ ಕೊಡುತ್ತಿದ್ದ ಗುರುತು ಸರ್ಕಾರದ ದಾಖಲೆಗಳೊಡನೆ ತಾಳೆ ನೋಡಬಹುದಾದ ಗುರುತಾಗಿತ್ತು.

ಇಂದು ಅಂತಹ ಮನೆಗಳ ಮರಿಮಕ್ಕಳು ತಮ್ಮನ್ನು 'ಜೆನ್ ಝೀ' ಎಂದು ಕರೆದುಕೊಳ್ಳುತ್ತಾರೆ. ಹಿರಿಯರ ಮಾತು ಹಳತೆನಿಸಿದಾಗ ಅವರನ್ನು 'ಬೂಮರ್' ಎಂದು ಹಾಸ್ಯ ಮಾಡುತ್ತಾರೆ. ಹಿರಿಯರೂ ಹಿಂದೆ ಬಿದ್ದಿಲ್ಲ. ಅಧ್ಯಾಪಕರ ಕೊಠಡಿಯಲ್ಲಿ, ಕಾರ್ಖಾನೆಯ ಕಚೇರಿಯಲ್ಲಿ, ಪತ್ರಿಕೆಯ ಪುಟಗಳಲ್ಲಿ 'ಈ ಝೆಡ್ ಪೀಳಿಗೆಗೆ ತಾಳ್ಮೆಯಿಲ್ಲ, ನಿಷ್ಠೆಯಿಲ್ಲ' ಎಂಬ ತೀರ್ಪು ದಿನಬೆಳಗಾದರೆ ಕೇಳಿಬರುತ್ತದೆ. ಪ್ಲೇಗಿನ ವರ್ಷದಲ್ಲಿ ಹುಟ್ಟಿದವನೆಂಬುದೂ ಒಂದು ಪೀಳಿಗೆಯ ಹೆಸರೇ. ಝೆಡ್ ಎಂಬುದೂ ಒಂದು ಪೀಳಿಗೆಯ ಹೆಸರೇ. ಆದರೆ ಇವೆರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಮೊದಲನೆಯದು ಒಬ್ಬನ ಬಾಳಿನಲ್ಲಿ ಏನು ನಡೆಯಿತೆಂಬುದನ್ನು ತಿಳಿಸುತ್ತದೆ. ಎರಡನೆಯದು ಅವನು ಎಂಥವನೆಂಬುದನ್ನು ತಿಳಿಸಲು ಹೊರಡುತ್ತದೆ. ಮೊದಲ ಬಗೆಯ ಹೆಸರು ವಿಜ್ಞಾನಕ್ಕೆ ಉಪಯುಕ್ತವೆಂದೂ ಎರಡನೆಯ ಬಗೆಯದು ಹಲವು ವೇಳೆ ಅಪಾಯಕರವೆಂದೂ ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಆಧಾರಗಳೇನೆಂಬುದನ್ನು ತರುಣ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಪದದ ಅರ್ಥವನ್ನೇ ನೋಡೋಣ. ಕನ್ನಡದಲ್ಲಿ ತಲೆಮಾರು ಎಂಬ ಮಾತು ಮುಖ್ಯವಾಗಿ ಮನೆತನಕ್ಕೆ ಸಂಬಂಧಿಸಿದುದು. ಅಜ್ಜ ಒಂದು ತಲೆಮಾರು, ತಂದೆ ಇನ್ನೊಂದು, ಮಗ ಮತ್ತೊಂದು. ಇಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಅಣ್ಣನ ಮಗನಿಗಿಂತ ಚಿಕ್ಕಪ್ಪ ಎರಡು ವರ್ಷ ಕಿರಿಯನಾಗಿದ್ದರೂ ಚಿಕ್ಕಪ್ಪ ಹಿಂದಿನ ತಲೆಮಾರಿನವನೇ. ಏಕೆಂದರೆ ಎಣಿಕೆ ನಡೆಯುವುದು ಸಂಬಂಧದಿಂದ, ಪಂಚಾಂಗದಿಂದಲ್ಲ. ಆದರೆ ಇದೇ ಮಾತನ್ನು ಇಡೀ ಸಮಾಜಕ್ಕೆ ಅನ್ವಯಿಸಿದೊಡನೆಯೇ ತೊಡಕು ಹುಟ್ಟುತ್ತದೆ. ಸಮಾಜದಲ್ಲಿ ಮಕ್ಕಳು ಇಪ್ಪತ್ತೈದು ವರ್ಷಗಳಿಗೊಮ್ಮೆ ಒಟ್ಟಾಗಿ ಹುಟ್ಟುವುದಿಲ್ಲ. ಪ್ರತಿ ದಿನವೂ, ಪ್ರತಿ ನಿಮಿಷವೂ ಹುಟ್ಟುತ್ತಿರುತ್ತಾರೆ. ಹರಿಯುವ ಹೊಳೆಯಲ್ಲಿ 'ಇಲ್ಲಿಗೆ ಒಂದು ನೀರು ಮುಗಿಯಿತು, ಇಲ್ಲಿಂದ ಮತ್ತೊಂದು ನೀರು' ಎಂದು ಗೆರೆ ಎಳೆಯುವುದು ಹೇಗೆ ಸಾಧ್ಯ? ಗೆರೆ ಎಳೆಯಲೇಬೇಕೆಂದರೆ ದಡದ ಮೇಲೆ ಒಂದು ಬಂಡೆಯೋ ಮರವೋ ಇರಬೇಕು. ಪ್ಲೇಗು, ಕ್ಷಾಮ, ಯುದ್ಧ, ಒಂದು ಹೊಸ ಕಾನೂನು ಇವೇ ಅಂತಹ ಗುರುತುಗಳು.

ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿಕೊಂಡ ಹೆಸರುಗಳ ಕಥೆ ಸ್ವಾರಸ್ಯವಾದುದು. ಒಂದನೆಯ ಮಹಾಯುದ್ಧದಲ್ಲಿ ತಾರುಣ್ಯವನ್ನು ಕಳೆದವರಿಗೆ 'ದಾರಿ ತಪ್ಪಿದ ಪೀಳಿಗೆ' ಎಂಬ ಹೆಸರು ಬಂದಿತು. ಅಮೆರಿಕದ ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೆ 1926 ರಲ್ಲಿ ಪ್ರಕಟಿಸಿದ ಕಾದಂಬರಿಯ ಮೊದಲ ಪುಟದಲ್ಲಿ ಅದನ್ನು ಅಚ್ಚುಹಾಕಿಸಿದುದರಿಂದ ಅದು ಲೋಕಪ್ರಸಿದ್ಧವಾಯಿತು. ಈ ಹೆಸರು ಹುಟ್ಟಿದ ಬಗೆಯನ್ನು ಆತನ ನೆನಪುಗಳ ಪುಸ್ತಕ ತಿಳಿಸುತ್ತದೆ. ಪ್ಯಾರಿಸ್ಸಿನಲ್ಲಿದ್ದ ಲೇಖಕಿ ಗರ್ಟ್ರೂಡ್ ಸ್ಟೈನ್ ಅವರ ಮೋಟಾರು ಕೆಟ್ಟಿತ್ತು. ಯುದ್ಧದಿಂದ ಮರಳಿದ್ದ ತರುಣ ಕೆಲಸಗಾರನೊಬ್ಬ ಅದನ್ನು ಸರಿಯಾಗಿ ರಿಪೇರಿ ಮಾಡಲಿಲ್ಲ. ಗ್ಯಾರೇಜಿನ ಮಾಲೀಕ ಅವನನ್ನು ಗದರಿಸುತ್ತ 'ನೀವೆಲ್ಲ ದಾರಿ ತಪ್ಪಿದ ಪೀಳಿಗೆ' ಎಂಬರ್ಥದ ಮಾತನ್ನು ಆಡಿದ. ಆ ಬೈಗುಳವೇ ಮುಂದೆ ಲಕ್ಷಾಂತರ ಜನರ ಬಿರುದಾಯಿತು! ಒಬ್ಬ ಯಜಮಾನನ ಸಿಟ್ಟು, ಒಬ್ಬ ಕೆಲಸಗಾರನ ತಪ್ಪು: ಇಷ್ಟರ ಮೇಲೆ ಒಂದು ಪೀಳಿಗೆಯ ಚಿತ್ರವೇ ನಿಂತಿತು.

ಎರಡನೆಯ ನಿದರ್ಶನ ಇನ್ನೂ ಬೋಧಪ್ರದವಾಗಿದೆ. 1951 ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಅಂದಿನ ತರುಣರನ್ನು ಕುರಿತು ಒಂದು ದೀರ್ಘ ಲೇಖನವನ್ನು ಪ್ರಕಟಿಸಿ, ಅವರಿಗೆ 'ಮೌನ ಪೀಳಿಗೆ' ಎಂದು ಹೆಸರಿಟ್ಟಿತು. ಈ ತರುಣರು ಭಾಷಣ ಮಾಡುವುದಿಲ್ಲ, ಪ್ರತಿಭಟಿಸುವುದಿಲ್ಲ, ತಮ್ಮ ಪಾಡಿಗೆ ತಾವಿರುತ್ತಾರೆ ಎಂಬುದು ಅದರ ತಾತ್ಪರ್ಯ. ಆಗ ಇಪ್ಪತ್ತೆರಡು ವರ್ಷದವನಾಗಿದ್ದ ಒಬ್ಬ ತರುಣನೂ ಆ ಎಣಿಕೆಯಲ್ಲಿ ಸೇರುತ್ತಾನೆ. ಆತನ ಹೆಸರು ಮಾರ್ಟಿನ್ ಲೂಥರ್ ಕಿಂಗ್; ಹುಟ್ಟಿದುದು 1929 ರಲ್ಲಿ. ನಾಲ್ಕೇ ವರ್ಷಗಳ ತರುವಾಯ, 1955 ರಲ್ಲಿ, ಆತ ಮಾಂಟ್‌ಗಮರಿ ನಗರದಲ್ಲಿ ನೀಗ್ರೋ ಜನರ ಬಸ್ ಬಹಿಷ್ಕಾರ ಚಳವಳಿಯ ನಾಯಕನಾದ. ಬೇರೆ ಯಾರ ಮಾತೂ ಆ ಶತಮಾನದ ಅಮೆರಿಕದಲ್ಲಿ ಅಷ್ಟು ದೂರ ಕೇಳಿಸಲಿಲ್ಲವೆಂದರೆ ತಪ್ಪಾಗಲಾರದು. ಹೆಸರಿಟ್ಟವರಿಗೆ ತಮ್ಮ ಸುತ್ತಮುತ್ತಲ ಕಾಲೇಜು ಹುಡುಗರು ಕಂಡಿದ್ದರು. ದಕ್ಷಿಣದ ಚರ್ಚುಗಳಲ್ಲಿ ಬೆಳೆಯುತ್ತಿದ್ದ ತರುಣರು ಕಂಡಿರಲಿಲ್ಲ.

ಈಗ 'ಬೂಮರ್' ಎಂಬ ಹೆಸರಿಗೆ ಬರೋಣ. ಈ ಸಾಲಿನಲ್ಲಿ ಗಟ್ಟಿಯಾದ ಅಂಕಿ-ಅಂಶಗಳ ತಳಹದಿಯಿರುವ ಹೆಸರು ಇದೊಂದೇ ಎನ್ನಬಹುದು. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದ ಮೇಲೆ ಅಮೆರಿಕದಲ್ಲಿ ಜನನಗಳ ಸಂಖ್ಯೆ ಥಟ್ಟನೆ ಏರಿತು. 1945 ರಲ್ಲಿ ಸುಮಾರು 28 ಲಕ್ಷದ 60 ಸಾವಿರ ಶಿಶುಗಳು ಹುಟ್ಟಿದ್ದರೆ 1946 ರಲ್ಲಿ ಸುಮಾರು 34 ಲಕ್ಷ ಶಿಶುಗಳು ಹುಟ್ಟಿದವು. 1957 ರ ಹೊತ್ತಿಗೆ ಈ ಸಂಖ್ಯೆ 43 ಲಕ್ಷವನ್ನು ಮುಟ್ಟಿತು; 1964 ರ ಬಳಿಕ 40 ಲಕ್ಷಕ್ಕಿಂತ ಕೆಳಗಿಳಿಯಿತು. ಆದುದರಿಂದ 1946 ರಿಂದ 1964 ರವರೆಗೆ ಹುಟ್ಟಿದವರನ್ನು ಒಂದು ಗುಂಪಾಗಿ ಎಣಿಸುವುದಕ್ಕೆ ಕಾರಣವುಂಟು. ಇವರು ಶಾಲೆಗೆ ಬಂದಾಗ ಶಾಲೆಗಳು ಸಾಲದಾದವು. ಕೆಲಸಕ್ಕೆ ಬಂದಾಗ ಪೈಪೋಟಿ ಹೆಚ್ಚಿತು. ಮುದುಕರಾದಾಗ ವಿಶ್ರಾಂತಿವೇತನದ ಭಾರ ಬೆಳೆಯಿತು. ಹೊಳೆಗೆ ನಿಜವಾಗಿಯೂ ಒಂದು ಪ್ರವಾಹ ಬಂದಿತ್ತು. ದಡದ ಮೇಲೆ ಅದರ ಗುರುತು ಉಳಿದಿತ್ತು. ಆದರೂ ಗಮನಿಸಬೇಕಾದ ಅಂಶವೊಂದಿದೆ. ಇವರು 'ಎಷ್ಟು ಜನ' ಎಂಬುದನ್ನು ಆ ಅಂಕಿಗಳು ಹೇಳುತ್ತವೆಯೇ ಹೊರತು 'ಎಂಥ ಜನ' ಎಂಬುದನ್ನು ಹೇಳುವುದಿಲ್ಲ.

ಇಂತಹ ಪ್ರವಾಹ ಭಾರತದಲ್ಲಿ ಬಂದಿತೆ? ಇಲ್ಲ. ನಮ್ಮಲ್ಲಿ ನಡೆದುದು ಬೇರೆಯೇ ಒಂದು ಕಥೆ. ಸ್ವಾತಂತ್ರ್ಯದ ಮುಂಚೆಯೂ ಅನಂತರದ ಒಂದೆರಡು ದಶಕಗಳಲ್ಲಿಯೂ ಇಲ್ಲಿನ ತಾಯಿಗೆ ಸರಾಸರಿ ಸುಮಾರು ಆರು ಮಕ್ಕಳು ಹುಟ್ಟುತ್ತಿದ್ದರು. ಏರಿದುದು ಜನನವಲ್ಲ, ಇಳಿದುದು ಮರಣ. 1941-51 ರ ದಶಕದಲ್ಲಿ ಸುಮಾರು 32 ವರ್ಷವಿದ್ದ ಸರಾಸರಿ ಆಯುಸ್ಸು ಈಗ 70 ರ ಆಸುಪಾಸಿಗೆ ಬಂದಿದೆ. ಮಕ್ಕಳು ಹುಟ್ಟುವ ಪ್ರಮಾಣವಾದರೋ ಅಮೆರಿಕದಂತೆ ಏರಿ ಇಳಿಯದೆ, ದಶಕದಿಂದ ದಶಕಕ್ಕೆ ಮೆಲ್ಲಮೆಲ್ಲನೆ ಇಳಿಯುತ್ತ 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ತಾಯಿಗೆ ಎರಡು ಮಕ್ಕಳ ಮಟ್ಟವನ್ನು ಮುಟ್ಟಿತು. ಹೀಗಿರುವಲ್ಲಿ 1950 ರಲ್ಲಿ ಕೋಲಾರದಲ್ಲಿಯೋ ಕಲಬುರಗಿಯಲ್ಲಿಯೋ ಹುಟ್ಟಿದ ಅಜ್ಜಿಯನ್ನು 'ಬೂಮರ್' ಎನ್ನುವುದು ಅವರಿಗೆ ಪರದೇಶದ ಅಂಗಿಯನ್ನು ತೊಡಿಸಿದಂತೆ. ಅವರ ಬಾಲ್ಯದಲ್ಲಿ ಯುದ್ಧಾನಂತರದ ಸಮೃದ್ಧಿಯಿರಲಿಲ್ಲ, ಪಡಿತರದ ಚೀಟಿಯಿತ್ತು. ಅಷ್ಟೇ ಏಕೆ, ಆ ವಯಸ್ಸಿನ ಎಷ್ಟೋ ಹಿರಿಯರ ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿರುತ್ತದೆ. ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟರು ಅಂದಾಜಿನಿಂದ ಬರೆದುಕೊಂಡ ತೇದಿ ಅದು. ಹುಟ್ಟಿದ ವರ್ಷವೇ ಅಂದಾಜಾಗಿರುವಲ್ಲಿ ವರ್ಷದ ಗೆರೆಯಿಂದ ಸ್ವಭಾವವನ್ನು ನಿರ್ಣಯಿಸುವುದೆಂತು?

ಬೂಮರ್ ಗುಂಪಿನ ಮುಂದಿನ ಹೆಸರುಗಳಿಗೆ ಈ ಬಗೆಯ ಆಧಾರವೂ ಇಲ್ಲ. 1991 ರಲ್ಲಿ ಕೆನಡದ ಲೇಖಕ ಡಗ್ಲಸ್ ಕೂಪ್ಲಂಡ್ ಬರೆದ ಕಾದಂಬರಿಯಿಂದ 'ಎಕ್ಸ್ ಪೀಳಿಗೆ' ಎಂಬ ಹೆಸರು ಹರಡಿತು. ಬೀಜಗಣಿತದಲ್ಲಿ ಎಕ್ಸ್ ಎಂಬುದು ಅವ್ಯಕ್ತ ರಾಶಿಯ ಸಂಕೇತವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. 'ಇವರು ಎಂಥವರೋ ತಿಳಿಯದು' ಎಂಬುದೇ ಆ ಹೆಸರಿನ ಧ್ವನಿ. ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಂಡುದರಿಂದ ಅದೊಂದು ಪ್ರಾಮಾಣಿಕವಾದ ಹೆಸರೇ ಸರಿ. ಆದರೆ ಎಕ್ಸ್ ಆದ ಮೇಲೆ ವೈ, ವೈ ಆದ ಮೇಲೆ ಝೆಡ್ ಎಂದು ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಡುತ್ತ ಹೋದಾಗ ಆ ಪ್ರಾಮಾಣಿಕತೆ ಮಾಯವಾಯಿತು. ವೈ ಗುಂಪಿಗೆ 'ಮಿಲೆನಿಯಲ್' ಎಂಬ ಇನ್ನೊಂದು ಹೆಸರೂ ಬಂದಿತು. ಝೆಡ್ ಬಳಿಕ ಅಕ್ಷರಗಳೇ ಮುಗಿದುದರಿಂದ ಗ್ರೀಕರ ಅಕ್ಷರಮಾಲೆಯನ್ನು ಸಾಲ ತಂದು ಆಲ್ಫಾ ಎಂದರು. 2025 ರಿಂದ ಹುಟ್ಟುತ್ತಿರುವ ಶಿಶುಗಳಿಗೆ ಬೀಟಾ ಎಂಬ ಹೆಸರು ಅವು ಹುಟ್ಟುವ ಮೊದಲೇ ಸಿದ್ಧವಾಗಿತ್ತು. ಇನ್ನೂ ಕಣ್ಣು ಬಿಡದ ಕೂಸುಗಳ ಸ್ವಭಾವವನ್ನು ಮುಂಚಿತವಾಗಿ ವರ್ಣಿಸುವುದಕ್ಕೆ ವಿಜ್ಞಾನದಲ್ಲಿ ಸ್ಥಳವಿಲ್ಲ. ಅದು ಜಾತಕ ಬರೆಯುವವರ ಕೆಲಸ.

ಹಾಗಾದರೆ ಹುಟ್ಟಿದ ಕಾಲಕ್ಕೂ ಮನುಷ್ಯನ ಬಾಳಿಗೂ ಸಂಬಂಧವೇ ಇಲ್ಲವೆ? ಖಂಡಿತವಾಗಿಯೂ ಇದೆ. ಅದನ್ನು ಕಂಡುಹಿಡಿಯುವ ಮಾರ್ಗ ಮಾತ್ರ ನಾವು ತಿಳಿದಷ್ಟು ಸುಲಭವಲ್ಲ. ಉದಾಹರಣೆಗೆ, ಇಪ್ಪತ್ತು ವರ್ಷದವರು ಅರವತ್ತು ವರ್ಷದವರಿಗಿಂತ ಹೆಚ್ಚು ಹೊತ್ತು ಮೊಬೈಲ್ ನೋಡುತ್ತಾರೆಂದು ಒಂದು ಸಮೀಕ್ಷೆ ಹೇಳಿತೆಂದು ಇಟ್ಟುಕೊಳ್ಳೋಣ. ಇದಕ್ಕೆ ಮೂರು ಬಗೆಯ ಕಾರಣಗಳಿರಬಹುದು. ಹರೆಯದಲ್ಲಿ ಸ್ನೇಹಿತರ ಸಂಗ ಹೆಚ್ಚು, ಮುಂದೆ ಸಂಸಾರ ಬಂದಾಗ ತಾನಾಗಿ ಕಡಿಮೆಯಾದೀತು ಎಂಬುದು ಒಂದು. ಇದು ವಯಸ್ಸಿನ ಪರಿಣಾಮ. ಮೊಬೈಲ್ ಅಗ್ಗವಾದುದರಿಂದ ಎಲ್ಲ ವಯಸ್ಸಿನವರಲ್ಲೂ ಬಳಕೆ ಬೆಳೆಯುತ್ತಿದೆ, ತರುಣರು ತುಸು ಮುಂದಿದ್ದಾರೆ ಅಷ್ಟೆ ಎಂಬುದು ಎರಡನೆಯದು. ಇದು ಕಾಲಘಟ್ಟದ ಪರಿಣಾಮ. ಬಾಲ್ಯದಿಂದಲೇ ಅದರೊಡನೆ ಬೆಳೆದವರ ಅಭ್ಯಾಸ ಸಾಯುವವರೆಗೂ ಹೀಗೆಯೇ ಇರುತ್ತದೆ ಎಂಬುದು ಮೂರನೆಯದು. ಇದು ಜನ್ಮಕಾಲದ ಪರಿಣಾಮ. ಪೀಳಿಗೆಯ ಹೆಸರು ಸಾರ್ಥಕವಾಗುವುದು ಮೂರನೆಯ ಕಾರಣ ನಿಜವಾದಾಗ ಮಾತ್ರ. ಆದರೆ ಒಂದೇ ವರ್ಷದ ಒಂದೇ ಸಮೀಕ್ಷೆಯಿಂದ ಈ ಮೂರನ್ನು ಬೇರ್ಪಡಿಸಲು ಆಗದು. ಇಸವಿಯಿಂದ ಹುಟ್ಟಿದ ವರ್ಷವನ್ನು ಕಳೆದರೆ ಬರುವುದೇ ವಯಸ್ಸು. ಮೂರರಲ್ಲಿ ಎರಡು ಗೊತ್ತಾದರೆ ಮೂರನೆಯದು ತಾನಾಗಿಯೇ ನಿಶ್ಚಯವಾಗುತ್ತದೆ. ಹಾಗಾಗಿ ಹಲವು ವರ್ಷಗಳ ಅಂಕಿಗಳಿದ್ದರೂ ಬರಿಯ ಗಣಿತದಿಂದ ಇವನ್ನು ಬಿಡಿಸುವುದು ಸಾಧ್ಯವಿಲ್ಲ. ಬೇರೆ ತಿಳಿವಳಿಕೆಯ ನೆರವು ಬೇಕು.

ಅಂತಹ ತಿಳಿವಳಿಕೆಯಿಂದ ಎಂತಹ ಬೆಳಕು ಬೀಳಬಹುದೆಂಬುದಕ್ಕೆ ಕ್ಷಯರೋಗದ ಇತಿಹಾಸದಲ್ಲಿ ಒಂದು ಸುಂದರವಾದ ನಿದರ್ಶನವಿದೆ. 1930 ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕ್ಷಯದಿಂದ ಸಾಯುವವರ ಪ್ರಮಾಣ ಐವತ್ತು ದಾಟಿದ ಗಂಡಸರಲ್ಲಿ ಅತ್ಯಧಿಕವಾಗಿ ಕಾಣುತ್ತಿತ್ತು. 'ಮುಪ್ಪು ಹತ್ತಿರವಾದಂತೆ ಕ್ಷಯದ ಅಪಾಯ ಹೆಚ್ಚು' ಎಂದು ಯಾರಾದರೂ ನಿರ್ಣಯಿಸಿಯಾರು. ವೇಡ್ ಹ್ಯಾಂಪ್ಟನ್ ಫ್ರಾಸ್ಟ್ ಎಂಬ ಸಾಂಕ್ರಾಮಿಕರೋಗ ತಜ್ಞರು ಹಾಗೆ ಮಾಡದೆ, ಒಂದೇ ದಶಕದಲ್ಲಿ ಹುಟ್ಟಿದವರನ್ನು ಒಂದು ಗುಂಪಾಗಿಸಿ, ಅವರ ಜೊತೆಯಲ್ಲಿಯೇ ದಶಕದಿಂದ ದಶಕಕ್ಕೆ ಹಳೆಯ ದಾಖಲೆಗಳಲ್ಲಿ ಪಯಣ ಮಾಡಿದರು. ಆಗ ಕಂಡುದೇ ಬೇರೆ. 1930 ರಲ್ಲಿ ಐವತ್ತು ದಾಟಿದ್ದ ಅದೇ ಗುಂಪಿನವರಲ್ಲಿ, ಅವರು ಇಪ್ಪತ್ತರ ಹರೆಯದಲ್ಲಿದ್ದಾಗ, ಮರಣದ ಪ್ರಮಾಣ ಅದರ ಎರಡರಷ್ಟನ್ನೂ ಮೀರಿತ್ತು. ವಯಸ್ಸಾದಂತೆ ಅಪಾಯ ಇಳಿಯುತ್ತಲೇ ಬಂದಿತ್ತು. ಕ್ಷಯ ಎಲ್ಲೆಲ್ಲೂ ಹರಡಿದ್ದ ಕಾಲದಲ್ಲಿ ಅವರ ಬಾಲ್ಯ ಕಳೆದಿತ್ತು. ಅವರ ನಂತರ ಹುಟ್ಟಿದವರಿಗೆ ಆ ಸೋಂಕು ಅಷ್ಟಾಗಿ ತಗುಲಿರಲಿಲ್ಲ. ಈ ಅಧ್ಯಯನ ಫ್ರಾಸ್ಟ್ ತೀರಿಕೊಂಡ ಮೇಲೆ 1939 ರಲ್ಲಿ ಪ್ರಕಟವಾಯಿತು. ಹೀಗೆ ಒಟ್ಟಿಗೆ ಹುಟ್ಟಿ ಒಟ್ಟಿಗೆ ಕಾಲವನ್ನು ದಾಟುವ ಗುಂಪಿಗೆ ಶಾಸ್ತ್ರಜ್ಞರು 'ಕೊಹಾರ್ಟ್' ಎನ್ನುತ್ತಾರೆ. ರೋಮನ್ ಸೈನ್ಯದ ಒಂದು ದಳದ ಹೆಸರು ಅದು. ಕನ್ನಡದಲ್ಲಿ ನಾವು ಸಹಜಾತ ಸಮೂಹ ಎನ್ನಬಹುದು. ಫ್ರಾಸ್ಟ್ ತಮ್ಮ ಗುಂಪುಗಳಿಗೆ ಯಾವ ಬಿರುದನ್ನೂ ಕೊಡಲಿಲ್ಲ. ಹುಟ್ಟಿದ ದಶಕವನ್ನು ಬರೆದರು, ಅಷ್ಟೆ.

ಹುಟ್ಟಿದ ಕಾಲ ಒಂದೇ ಆದ ಮಾತ್ರಕ್ಕೆ ಅನುಭವ ಒಂದೇ ಆಗುವುದೆ? ಈ ಪ್ರಶ್ನೆಯನ್ನು ಜರ್ಮನಿಯಲ್ಲಿದ್ದ ಸಮಾಜಶಾಸ್ತ್ರಜ್ಞ ಕಾರ್ಲ್ ಮನ್‌ಹೈಮ್ 1928 ರಲ್ಲಿಯೇ ಎತ್ತಿದ್ದರು. 1800 ರ ಸುಮಾರಿನ ಚೀನದ ತರುಣರನ್ನೂ ಜರ್ಮನಿಯ ತರುಣರನ್ನೂ ಒಂದು ಪೀಳಿಗೆಯೆನ್ನಲು ಬಾರದೆಂಬುದು ಅವರ ವಾದ. ಒಂದೇ ದೇಶದೊಳಗೂ ದೂರದ ಹಳ್ಳಿಯ ರೈತನ ಮಗನನ್ನೂ ಅದೇ ವಯಸ್ಸಿನ ನಗರದ ವಿದ್ಯಾರ್ಥಿಯನ್ನೂ ಒಂದೇ ಬದಲಾವಣೆ ಒಂದೇ ರೀತಿಯಲ್ಲಿ ತಟ್ಟದೆ ಹೋಗಬಹುದು. ಒಂದೇ ಬದಲಾವಣೆ ಇಬ್ಬರನ್ನೂ ತಟ್ಟಿದರೂ ಅದಕ್ಕೆ ಅವರು ವಿರುದ್ಧವಾದ ಉತ್ತರಗಳನ್ನು ಕೊಡಬಹುದು. ಅಂದರೆ ವರ್ಷ ಒಂದು ಅವಕಾಶವನ್ನಷ್ಟೇ ಕೊಡುತ್ತದೆ. ಪೀಳಿಗೆಯನ್ನು ಕಟ್ಟುವುದು ಹಂಚಿಕೊಂಡ ಅನುಭವ.

ನಮ್ಮ ನಾಡಿನಲ್ಲಿಯೇ ಈಚೆಗೆ ನಡೆದ ಸಂಗತಿಯನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1997 ರಿಂದ 2012 ರವರೆಗೆ ಹುಟ್ಟಿದವರೆಲ್ಲ ಝೆಡ್ ಪೀಳಿಗೆಯೆಂಬುದು ಅಮೆರಿಕದ ಪ್ಯೂ ಸಂಶೋಧನ ಕೇಂದ್ರ ಬಳಕೆಗೆ ತಂದ ಗಡಿ. 2020 ರಲ್ಲಿ ಕೋವಿಡ್ ಬಂದಾಗ ಈ ಗುಂಪಿನ ಹಿರಿಯನಿಗೆ ಇಪ್ಪತ್ತಮೂರು ವರ್ಷ, ಕಿರಿಯನಿಗೆ ಎಂಟು ವರ್ಷ. ಒಬ್ಬ ಸಂಬಳ ನಿಂತೀತೆಂದು ಚಿಂತಿಸುತ್ತಿದ್ದ. ಇನ್ನೊಬ್ಬ ಕಾಗುಣಿತವನ್ನು ಮರೆಯುತ್ತಿದ್ದ. 2021 ರಲ್ಲಿ ಕರ್ನಾಟಕದಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆಯೇ ರದ್ದಾಗಿ, ಹಿಂದಿನ ತರಗತಿಗಳ ಅಂಕಗಳ ಮೇಲೆ ಫಲಿತಾಂಶ ಕೊಡಲಾಯಿತು. ಅದೇ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆ ಜುಲೈ 19 ಮತ್ತು 22 ಎಂಬ ಎರಡೇ ದಿನಗಳಲ್ಲಿ, ಉತ್ತರಗಳನ್ನು ಆರಿಸುವ ಮಾದರಿಯಲ್ಲಿ ಮುಗಿಯಿತು. ಆ ಒಂದು ವರ್ಷದ ವಿದ್ಯಾರ್ಥಿಗಳು ನಿಜವಾಗಿಯೂ ಒಂದು ಸಹಜಾತ ಸಮೂಹ. ಅವರ ಅಂಕಪಟ್ಟಿಯನ್ನು ಓದುವವರು ಅದನ್ನು ನೆನಪಿನಲ್ಲಿಡುವುದು ನ್ಯಾಯ. ಆದರೆ ಆ ಸಮೂಹದೊಳಗೂ ಒಂದು ಬಿರುಕಿತ್ತು. ಮನೆಯಲ್ಲಿ ಕಂಪ್ಯೂಟರಿದ್ದ ಹುಡುಗಿಗೆ ಪಾಠ ತಪ್ಪಲಿಲ್ಲ. ಒಂದೇ ಮೊಬೈಲನ್ನು ತಂದೆ ಕೂಲಿಗೆ ಹೋಗುವಾಗ ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದ ಮನೆಯ ಹುಡುಗಿಗೆ ಪಾಠವೆಂದರೆ ವಿದ್ಯಾಗಮದ ಮೇಷ್ಟರು ಗುಡಿಯ ಜಗಲಿಯಲ್ಲಿ ಹೇಳಿಕೊಟ್ಟಷ್ಟೇ. 'ಡಿಜಿಟಲ್ ಯುಗದಲ್ಲಿಯೇ ಹುಟ್ಟಿದ ಪೀಳಿಗೆ' ಎಂಬ ಬಿರುದು ಈ ಎರಡನೆಯ ಹುಡುಗಿಯನ್ನು ನಮ್ಮ ಕಣ್ಣಿನಿಂದ ಮರೆಮಾಡುತ್ತದೆ. ಹೆಸರಿನ ಮೊದಲನೆಯ ಅಪಾಯ ಇದು.

ಎರಡನೆಯ ಅಪಾಯ ಇನ್ನೂ ಗಹನವಾದುದು: ಹೆಸರು ತಾನೇ ಕೆಲಸ ಮಾಡತೊಡಗುತ್ತದೆ. ಜಪಾನಿನ ಪುರಾತನ ಪಂಚಾಂಗದಲ್ಲಿ, ನಮ್ಮ ಪ್ರಭವಾದಿ ಸಂವತ್ಸರಗಳಂತೆಯೇ, ಅರವತ್ತು ವರ್ಷಗಳ ಚಕ್ರವಿದೆ. ಅದರಲ್ಲಿ 'ಬೆಂಕಿಯ ಕುದುರೆ' ಎಂಬ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ತರುವಳೆಂಬುದು ಅಲ್ಲಿನ ಮೂಢನಂಬಿಕೆ. 1906 ಅಂತಹ ವರ್ಷವಾಗಿತ್ತು, 1966 ಅಂತಹುದು, 2026 ಕೂಡ ಅಂತಹುದೇ. 1965 ರಲ್ಲಿ ಜಪಾನಿನಲ್ಲಿ 18 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು. 1966 ರಲ್ಲಿ ಆ ಸಂಖ್ಯೆ ಸುಮಾರು 13 ಲಕ್ಷದ 60 ಸಾವಿರಕ್ಕೆ ಕುಸಿಯಿತು. 1967 ರಲ್ಲಿ 19 ಲಕ್ಷವನ್ನು ದಾಟಿತು. ಯುದ್ಧವಿರಲಿಲ್ಲ, ಕ್ಷಾಮವಿರಲಿಲ್ಲ, ರೋಗವಿರಲಿಲ್ಲ. ಇದ್ದುದು ಒಂದು ಹೆಸರು ಮಾತ್ರ. ಯಂತ್ರೋದ್ಯಮದಲ್ಲಿ ಜಗತ್ತಿಗೆ ಮಾದರಿಯೆನಿಸತೊಡಗಿದ್ದ ದೇಶದಲ್ಲಿ ಇದು ನಡೆಯಿತು. ನಾವು ನಗುವ ಅಗತ್ಯವಿಲ್ಲ. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಸೊಸೆ ಮಾವನಿಗಾಗದೆಂದು ಹೇಳಿ ಎಷ್ಟು ಹೆಣ್ಣುಮಕ್ಕಳ ಮದುವೆಯನ್ನು ನಮ್ಮ ಸಮಾಜ ತಪ್ಪಿಸಿದೆಯೆಂಬುದನ್ನು ನಾವೆಲ್ಲ ಬಲ್ಲೆವು. ಹುಟ್ಟಿದ ಗಳಿಗೆಯಿಂದ ಗುಣವನ್ನು ನಿರ್ಣಯಿಸುವುದು ತಪ್ಪೆಂದು ನಕ್ಷತ್ರದ ವಿಷಯದಲ್ಲಿ ಒಪ್ಪುವ ವಿದ್ಯಾವಂತರು, 'ಇವನು 1999 ರಲ್ಲಿ ಹುಟ್ಟಿದವನು, ಇವನಿಗೆ ನಿಷ್ಠೆ ಇರಲಾರದು' ಎಂಬ ಮಾತನ್ನು ಮಾತ್ರ ಆಧುನಿಕ ಜ್ಞಾನವೆಂದು ಸ್ವೀಕರಿಸುವುದು ವಿಚಿತ್ರವಲ್ಲವೆ?

ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. ಕೆಲಸ ಕೊಡುವವನು ಅರ್ಜಿಯ ಮೇಲಿನ ಹುಟ್ಟಿದ ವರ್ಷವನ್ನು ನೋಡಿ ಮನಸ್ಸಿನಲ್ಲಿ ಗುರುತು ಹಾಕಿಕೊಂಡರೆ ಅದರಿಂದ ಒಬ್ಬ ತರುಣನ, ಇಲ್ಲವೆ ಐವತ್ತು ದಾಟಿದ ಒಬ್ಬ ಅನುಭವಿಯ, ಅನ್ನ ಹೋಗುತ್ತದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಈ ವಿಷಯವನ್ನು ಪರಿಶೀಲಿಸಿ 2020 ರಲ್ಲಿ ಒಂದು ವರದಿಯನ್ನು ಹೊರಡಿಸಿದವು. ನೌಕರರನ್ನು ಪೀಳಿಗೆಗಳಾಗಿ ವಿಂಗಡಿಸಿ ನಡೆಸಿಕೊಳ್ಳುವುದಕ್ಕೆ ಸಂಶೋಧನೆಯಲ್ಲಿ ಸಾಕಷ್ಟು ಆಧಾರವಿಲ್ಲವೆಂಬುದೇ ಅದರ ಸಾರಾಂಶ. 2021 ರಲ್ಲಿ ನೂರಕ್ಕೂ ಮೀರಿದ ಜನಸಂಖ್ಯಾಶಾಸ್ತ್ರಜ್ಞರೂ ಸಮಾಜಶಾಸ್ತ್ರಜ್ಞರೂ ಸೇರಿ, ಈ ಹೆಸರುಗಳ ಬಳಕೆಯನ್ನು ಬಿಡಬೇಕೆಂದು ಪ್ಯೂ ಸಂಶೋಧನ ಕೇಂದ್ರಕ್ಕೆ ಬಹಿರಂಗ ಪತ್ರ ಬರೆದರು. 2023 ರಲ್ಲಿ ಆ ಸಂಸ್ಥೆ, ಇನ್ನು ಮುಂದೆ ಹೋಲಿಕೆಗೆ ಯೋಗ್ಯವಾದ ಹಳೆಯ ಅಂಕಿಗಳು ದೊರೆತಾಗ ಮಾತ್ರ ಪೀಳಿಗೆಗಳ ಮಾತನ್ನು ಎತ್ತುವುದಾಗಿಯೂ, ರೂಢಿಯ ಹೆಸರುಗಳಿಗೆ ಯಾವಾಗಲೂ ಅಂಟಿಕೊಳ್ಳುವುದಿಲ್ಲವೆಂದೂ ಪ್ರಕಟಿಸಿತು. ಆ ಗಡಿಗಳನ್ನು ಬಳಕೆಗೆ ತಂದವರೇ ಅವನ್ನು ಸಡಿಲಿಸಿದ ಮೇಲೆ ನಾವು ಅವಕ್ಕೆ ಕಟ್ಟುಬೀಳುವುದೇತಕ್ಕೆ?

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತೂ ಒಂದಿದೆ. ಹೆಸರಿಲ್ಲದೆ ಮಾತನಾಡುವುದು ಕಷ್ಟ. ತಾವು ಒಂದು ಗುಂಪಿಗೆ ಸೇರಿದವರೆಂಬ ಭಾವನೆ ತರುಣರಿಗೆ ಧೈರ್ಯವನ್ನೂ ಸ್ನೇಹವನ್ನೂ ಕೊಡುತ್ತದೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಂತಹ ಹೆಸರನ್ನು ದುಡಿದು ಪಡೆಯಬಹುದೆಂಬುದಕ್ಕೆ ಕನ್ನಡ ಸಾಹಿತ್ಯವೇ ಸಾಕ್ಷಿಯಾಗಿದೆ. 1891 ರಲ್ಲಿ ಹುಟ್ಟಿದ ಮಾಸ್ತಿ, 1896 ರಲ್ಲಿ ಹುಟ್ಟಿದ ಬೇಂದ್ರೆ, 1904 ರಲ್ಲಿ ಹುಟ್ಟಿದ ಕುವೆಂಪು, ಈ ಮೂವರನ್ನೂ ನಾವು ನವೋದಯದವರೆನ್ನುತ್ತೇವೆ. 1918 ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ನವೋದಯದ ಮಾರ್ಗದಲ್ಲಿ ಬರೆಯತೊಡಗಿ, ಅನಂತರ ನವ್ಯದ ನಾಯಕರಾದರು. ಹುಟ್ಟಿದ ವರ್ಷವೇ ಹೆಸರನ್ನು ಕೊಡುವುದಾಗಿದ್ದರೆ ಅವರು ಒಂದರಿಂದ ಇನ್ನೊಂದಕ್ಕೆ ದಾಟುವುದು ಸಾಧ್ಯವಿತ್ತೆ? ನವೋದಯ, ನವ್ಯ ಎಂಬುವು ಅವರು ಮಾಡಿದ ಕೆಲಸದ ಹೆಸರುಗಳು. ತೊಟ್ಟಿಲಿಗೆ ಕಟ್ಟಿದ ಚೀಟಿಗಳಲ್ಲ.

ಆದುದರಿಂದ ಪೀಳಿಗೆಯ ಹೆಸರು ಕಿವಿಗೆ ಬಿದ್ದಾಗಲೆಲ್ಲ ವಾಚಕರು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವ ಅಭ್ಯಾಸ ಮಾಡಬೇಕೆಂದು ನಾವು ಬಯಸುತ್ತೇವೆ. ಈ ಗೆರೆಯನ್ನು ಎಳೆದುದು ಯಾವ ಘಟನೆ, ಅದು ನಡೆದುದು ಯಾವ ದೇಶದಲ್ಲಿ? ಹೇಳುತ್ತಿರುವ ವ್ಯತ್ಯಾಸ ವಯಸ್ಸಿನದೋ, ಕಾಲದ್ದೋ, ಹುಟ್ಟಿನದೋ? ಅದೇ ವರ್ಷ ಹುಟ್ಟಿಯೂ ಆ ಚಿತ್ರದಲ್ಲಿ ಸೇರದೆ ಹೊರಗುಳಿದವರು ಯಾರು? ಈ ಮೂರಕ್ಕೂ ಉತ್ತರವಿದ್ದರೆ ಹೆಸರನ್ನು ಬಳಸಬಹುದು. ಉತ್ತರವಿಲ್ಲದಿದ್ದರೆ ಅದನ್ನು ಗ್ಯಾರೇಜಿನ ಮಾಲೀಕನ ಗದರಿಕೆಯೆಂದು ತಿಳಿದು ಪಕ್ಕಕ್ಕಿಡಬಹುದು.

ತರುಣರ ಕರ್ತವ್ಯವೂ ಇಲ್ಲಿ ಒಂದುಂಟು. ತಮಗೆ ಕೊಟ್ಟ ಹೆಸರನ್ನು ಆಕ್ಷೇಪಿಸುವವರು ಹಿರಿಯರಿಗೆ ಅಂತಹುದೇ ಹೆಸರನ್ನು ಅಂಟಿಸಬಾರದು. ನಿಮ್ಮ ಮನೆಯ ಅಜ್ಜಿಯನ್ನೋ ಅಜ್ಜನನ್ನೋ ಒಂದು ಸಂಜೆ ಕೂರಿಸಿಕೊಂಡು, ಅವರು ಶಾಲೆಗೆ ಸೇರಿದ ವರ್ಷ ಏನೇನು ನಡೆಯಿತು, ಊರಿಗೆ ವಿದ್ಯುತ್ತು ಎಂದು ಬಂದಿತು, ಮೊದಲ ಬಾರಿ ಮತ ಹಾಕಿದುದು ಯಾವಾಗ ಎಂದು ಕೇಳಿ ಬರೆದುಕೊಳ್ಳಿರಿ. ಬಳಿಕ ನಿಮ್ಮ ಬಾಳಿನ ಅಂತಹುದೇ ವರ್ಷಗಳನ್ನು ಎದುರಿಗೆ ಬರೆಯಿರಿ. ಅಲ್ಲಿ ಮೂಡುವ ಪಟ್ಟಿ ಯಾವ ಅಕ್ಷರಮಾಲೆಯಿಂದಲೂ ಸಾಲ ತಂದುದಾಗಿರುವುದಿಲ್ಲ, ಮತ್ತು ಅದರಲ್ಲಿರುವ ಪ್ರತಿಯೊಂದು ಗೆರೆಯನ್ನೂ ತಾಳೆ ನೋಡಬಹುದು. ಪ್ಲೇಗಿನ ವರ್ಷದ ಆ ಮುದುಕ ತನ್ನ ಪೀಳಿಗೆಯನ್ನು ಗುರುತಿಸಿಕೊಂಡುದು ಹೀಗೆಯೇ.